‘ನೀವೇ ಮೊದಲು ಹೇಳ್ತಿರೋದು’: ಕೆನೆಲ್ ಕ್ಲಬ್‌ಗಳಿಗೆ ಒಂದು ಬಹಿರಂಗ ಪತ್ರ

ನಾಯಿಗಳ ತಳಿ ನೋಂದಣಿ ನಡೆಸುವ ಕೆನೆಲ್ ಕ್ಲಬ್‌ಗಳ ಪದಾಧಿಕಾರಿಗಳಿಗೆ, ತಳಿ ಸಂಘಗಳಿಗೆ, ಮತ್ತು ಇವತ್ತೋ ನಾಳೆಯೋ ಒಂದು ಮರಿ ತರೋಣ ಎಂದು ಹೊರಟಿರುವ ಎಲ್ಲರಿಗೂ,

ನಮಸ್ಕಾರ.

ನಮ್ಮ ಕರಿಯ ಏಳು ತಿಂಗಳಿಗೇ ಕುಂಟತೊಡಗಿದ. ಕರಿಯ ಕಪ್ಪು ಲ್ಯಾಬ್ರಡಾರ್. ದೊಡ್ಡ ಹೆಸರಿನ ಕೆನೆಲ್‌ನಿಂದ ಬಂದವನು. ಅವನ ಪೆಡಿಗ್ರಿ ಕಾಗದದಲ್ಲಿ ನಾಲ್ಕು ತಲೆಮಾರಿನ 30 ಹೆಸರುಗಳಿದ್ದವು. ಅದರಲ್ಲಿ 11 ಹೆಸರು ಕೆಂಪು ಅಕ್ಷರದಲ್ಲಿದ್ದವು. ಕೆಂಪು ಅಂದರೆ ನಾಯಿ ಷೋಗಳಲ್ಲಿ ಗೆದ್ದ ಚಾಂಪಿಯನ್. ಆ ಕಾಗದಕ್ಕೆ ನಾನು ಫ್ರೇಮ್ ಹಾಕಿಸಿದ್ದೆ, ನಗಬೇಡಿ.

ಎಕ್ಸ್‌ರೇ ತೆಗೆಸಿದೆವು. ಎರಡೂ ಮುಂಗಾಲಿನ ಮೊಣಕೈ ಕೀಲು ಸರಿಯಾಗಿ ಬೆಳೆದಿಲ್ಲ, ಎಲ್ಬೋ ಡಿಸ್‌ಪ್ಲೇಸಿಯಾ ಎಂದರು ವೆಟ್. ಮನೆಗೆ ಬಂದು ಬ್ರೀಡರ್‌ಗೆ ಫೋನ್ ಮಾಡಿದೆ. ಅವರೇನೂ ಸಿಡುಕಲಿಲ್ಲ. ಬೇಸರದಿಂದಲೇ ಮಾತಾಡಿದರು. “ಇಷ್ಟು ವರ್ಷದಲ್ಲಿ ನಮ್ಮ ಲೈನ್‌ನಲ್ಲಿ ಹೀಗಾಗಿದ್ದೇ ಇಲ್ಲ ಮೇಡಂ. ನೀವೇ ಮೊದಲು ಹೇಳ್ತಿರೋದು” ಎಂದರು. ಲೈನ್ ಅಂದರೆ ಅವರ ನಾಯಿಗಳ ವಂಶ. ಮೆಟ್ಟಿಲು ಹತ್ತಿಸಿದ್ರಾ, ನುಣುಪು ನೆಲದ ಮೇಲೆ ಓಡಾಡಿಸಿದ್ರಾ, ಕ್ಯಾಲ್ಸಿಯಂ ಏನಾದ್ರೂ ಕೊಟ್ರಾ ಎಂದು ಕೇಳಿದರು. ಹೌದು, ಮೆಟ್ಟಿಲು ಹತ್ತಿಸಿದ್ದೆ. ಹೌದು, ನಮ್ಮದು ನುಣುಪು ನೆಲವೇ. ಒಂದು ವರ್ಷ ನನ್ನನ್ನು ನಾನೇ ಬೈದುಕೊಂಡೆ.

ಆಮೇಲೆ ಏನೋ ಅನುಮಾನ ಬಂದು ಕರಿಯನ ಒಡಹುಟ್ಟಿದವರನ್ನು ಹುಡುಕಲು ಕೂತೆ. ಎಂಟು ಮರಿಗಳ ಸೂಲು ಅದು. ಕರಿಯನನ್ನು ಬಿಟ್ಟು ಐದು ಮರಿಗಳ ಮನೆಯವರು ಸಿಕ್ಕರು. ಅದರಲ್ಲಿ ಮೂರು ನಾಯಿಗಳಿಗೆ ಇದೇ ತೊಂದರೆ. ಒಂದಕ್ಕೆ ಆಪರೇಷನ್ ಕೂಡ ಆಗಿತ್ತು. ಮೂರು ಮನೆಯವರೂ ಬ್ರೀಡರ್‌ಗೆ ಫೋನ್ ಮಾಡಿದ್ದರು. ಮೂವರಿಗೂ ಸಿಕ್ಕಿದ್ದು ಒಂದೇ ಉತ್ತರ. ನೀವೇ ಮೊದಲು ಹೇಳ್ತಿರೋದು.

ಒಂದೇ ಸೂಲಿನಲ್ಲಿ ನಾಲ್ಕು ಜನ ‘ಮೊದಲಿಗರು’!

ಆ ಬ್ರೀಡರ್ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಕರಿಯ ಹೋಗಿ ಎಷ್ಟೋ ವರ್ಷವಾಯಿತು, ಅವರ ಮೇಲಿನ ಸಿಟ್ಟೂ ಅವನ ಜೊತೆ ಹೋಯಿತು. ನನ್ನ ದೂರು ನಿಮ್ಮ ಮೇಲೆ. ಆ ನಾಲ್ಕು ಫೋನ್ ಕರೆಗಳು ಒಂದು ಕಡೆ ಸೇರಲು ನೀವು ಜಾಗವನ್ನೇ ಮಾಡಿಲ್ಲ. ಮೊದಲ ಬಹುಮಾನ ಗೆದ್ದ ನಾಯಿಯ ಹೆಸರು ನಿಮ್ಮ ಪುಸ್ತಕದಲ್ಲಿ ನೂರು ವರ್ಷ ಉಳಿಯುತ್ತದೆ. ಕುಂಟಿದ ಅದರ ಮರಿ ಫೋನ್ ಇಟ್ಟ ಕೂಡಲೇ ಮಾಯ. ಹೀಗೆ ಹುಟ್ಟಿದ್ದನ್ನು ನಾವು ‘ಒಳ್ಳೆ ಲೈನ್’ ಎನ್ನುತ್ತೇವೆ. ಲೈನ್‌ನ ಹೆಸರನ್ನು ಅಳೆಯಬೇಕಾದದ್ದು ಅದು ಕೊಟ್ಟ ಎಲ್ಲ ಮರಿಗಳಿಂದ ಅಲ್ವಾ? ಗೆದ್ದ ಎರಡು ಮರಿಗಳಿಂದ ಅಳೆದರೆ ಏನು ಗೊತ್ತಾಗುತ್ತದೆ?

ಷೋ ವಿಷಯವನ್ನೇ ನೋಡಿ. ತೀರ್ಪುಗಾರರು ಒಂದು ನಾಯಿಯನ್ನು ನೋಡುವುದು ಕೆಲವೇ ನಿಮಿಷ. ನಿಲುವು, ನಡಿಗೆ, ಹಲ್ಲು, ಕೂದಲು, ತಲೆಯ ಆಕಾರ. ಅವರ ಕೆಲಸವೇ ಅದು, ತಪ್ಪು ಹೇಳುವ ಹಾಗಿಲ್ಲ. ಆದರೆ ಅದೇ ನಾಯಿಯ ತಮ್ಮ ಮನೆಯಲ್ಲಿ ಫಿಟ್ಸ್ ಬಂದು ಒದ್ದಾಡುತ್ತಿದ್ದಾನಾ ಎಂಬುದು ರಿಂಗ್‌ನಲ್ಲಿ ಕಾಣುವುದಿಲ್ಲ. ಕೆಲವೊಮ್ಮೆ ಕಣ್ಣೆದುರಿಗಿರುವುದೂ ಕಾಣುವುದಿಲ್ಲ. 2012ರಲ್ಲಿ ಬ್ರಿಟನ್ನಿನ ಕ್ರಫ್ಟ್ಸ್ ಷೋನಲ್ಲಿ 15 ತಳಿಗಳ ‘ಬೆಸ್ಟ್ ಆಫ್ ಬ್ರೀಡ್’ ವಿಜೇತರನ್ನು ಮೊದಲ ಸಲ ವೆಟ್ ಪರೀಕ್ಷೆಗೆ ಕಳಿಸಿದರು. ಆರು ನಾಯಿಗಳು ಫೇಲಾದವು. ತಳಿಗೇ ಶ್ರೇಷ್ಠ ಎಂದು ಅದೇ ಷೋ ಆಗಷ್ಟೇ ಆರಿಸಿದ್ದ ನಾಯಿಗಳು ಅವು!

ಇನ್ನು ಪೆಡಿಗ್ರಿಯ ಕೆಂಪು ಹೆಸರುಗಳು. ಒಂದು ಸಣ್ಣ ಲೆಕ್ಕ ಮಾಡೋಣ. ಅಪ್ಪನಿಂದ ಮರಿಗೆ ಬರುವುದು ಅರ್ಧ. ಅಜ್ಜನಿಂದ ಸರಾಸರಿ ಕಾಲು ಭಾಗ. ಮುತ್ತಜ್ಜನಿಂದ ಎಂಟನೇ ಒಂದು. ಹಾಗೇ ಹೋದರೆ ನಾಲ್ಕನೇ ತಲೆಮಾರಿನ ಚಾಂಪಿಯನ್‌ನಿಂದ ಬರುವುದು 16ರಲ್ಲಿ ಒಂದು ಪಾಲು, ಅಂದರೆ ಶೇಕಡಾ 6ರಷ್ಟು. ಆ ಶೇಕಡಾ 6ಕ್ಕಾಗಿ ನಾನು ಫ್ರೇಮ್ ಹಾಕಿಸಿದ್ದು. ಕೆನೆಲ್‌ನ ಹೆಸರಂತೂ ಜೀನ್ ಕೂಡ ಅಲ್ಲ. ಕಟ್ಟಿದವರು ಕಣ್ಣುಮುಚ್ಚಿದ ಮೇಲೆ ಹೆಸರು ಇನ್ಯಾರದೋ ಕೈಗೆ ಹೋಗುತ್ತದೆ. ಬೋರ್ಡ್ ಅದೇ, ನಾಯಿಗಳು ಬೇರೆ, ನೋಡಿಕೊಳ್ಳುವವರೂ ಬೇರೆ.

ಹಾಗಿದ್ದರೂ ಒಂದೇ ಹೆಸರು ಪೆಡಿಗ್ರಿಯಲ್ಲಿ ನಾಲ್ಕಾರು ಕಡೆ ಕಂಡರೆ ಜನ ಖುಷಿಪಡುತ್ತಾರೆ. ‘ಲೈನ್ ಬ್ರೀಡಿಂಗ್ ಮಾಡಿದ್ದೇವೆ, ರಕ್ತ ಗಟ್ಟಿಯಾಗಿದೆ’ ಎಂದು ಬ್ರೀಡರ್ ಹೇಳುತ್ತಾರೆ. ಹತ್ತಿರದ ಸಂಬಂಧದ ನಾಯಿಗಳನ್ನೇ ಕೂಡಿಸಿದ್ದೇವೆ ಎಂದರ್ಥ. ಎಷ್ಟು ಗಟ್ಟಿ ಎಂದು ಅಳೆಯುವ ಲೆಕ್ಕವನ್ನು ಸ್ಯೂವಲ್ ರೈಟ್ ಎಂಬ ವಿಜ್ಞಾನಿ 1922ರಲ್ಲೇ ಕೊಟ್ಟಿದ್ದಾರೆ. ಅಣ್ಣ-ತಂಗಿ ನಾಯಿಗಳನ್ನು ಕೂಡಿಸಿದರೆ ಮರಿಗಳ ಇನ್‌ಬ್ರೀಡಿಂಗ್ ಪ್ರಮಾಣ ಶೇಕಡಾ 25. ಅಪ್ಪ-ಮಗಳಾದರೂ ಅಷ್ಟೇ. ಅಪ್ಪ ಅಥವಾ ಅಮ್ಮ ಒಬ್ಬರು ಮಾತ್ರ ಒಂದೇ ಆಗಿರುವ ಒಡಹುಟ್ಟಿದವರಾದರೆ 12.5. ಬ್ರಿಟನ್ನಿನ ಕೆನೆಲ್ ಕ್ಲಬ್ ಶುರುವಾದದ್ದು 1873ರಲ್ಲಿ. ಅಣ್ಣ-ತಂಗಿ, ಅಪ್ಪ-ಮಗಳಂಥ ತೀರಾ ಹತ್ತಿರದ ಸಂಬಂಧದಲ್ಲಿ ಹುಟ್ಟಿದ ಮರಿಗಳನ್ನು ನೋಂದಾಯಿಸುವುದಿಲ್ಲ ಎಂದು ಅದು ತೀರ್ಮಾನಿಸಿದ್ದು 2009ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಹತ್ತು ತಳಿಗಳ ಪೆಡಿಗ್ರಿಗಳನ್ನು ಕೂತು ಲೆಕ್ಕ ಹಾಕಿದ್ದರು. ಸುಮಾರು 20,000 ಬಾಕ್ಸರ್ ನಾಯಿಗಳಲ್ಲಿದ್ದ ವೈವಿಧ್ಯ ಬರೀ 70 ನಾಯಿಗಳಿಗೆ ಸಮ ಎಂದು ಆ ಲೆಕ್ಕದಲ್ಲಿ ಕಂಡಿತು.

ಇದು ಹೇಗಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಗಂಡುನಾಯಿ ದೊಡ್ಡ ಷೋ ಗೆಲ್ಲುತ್ತದೆ. ಎಲ್ಲರಿಗೂ ತಮ್ಮ ಹೆಣ್ಣುನಾಯಿಗೆ ಕೂಡಿಸಲು ಅದೇ ಗಂಡು ಬೇಕು. ಎರಡು ಮೂರು ವರ್ಷದಲ್ಲಿ ನೂರಾರು ಮರಿಗಳು. ಷೋ ಬಿಡಿ, ಕೆಲಸದ ನಾಯಿಗಳಲ್ಲೂ ಇದೇ ಕಥೆ. ಕುರಿ ಕಾಯುವ ಬಾರ್ಡರ್ ಕಾಲಿಗಳಲ್ಲಿ ವಿಸ್ಟನ್ ಕ್ಯಾಪ್ ಎಂಬ ಗಂಡುನಾಯಿ 1965ರಲ್ಲಿ ಅಂತರರಾಷ್ಟ್ರೀಯ ಪಂದ್ಯ ಗೆದ್ದಿತು. ಇವತ್ತಿನ ಬಹಳಷ್ಟು ಬಾರ್ಡರ್ ಕಾಲಿಗಳ ಪೆಡಿಗ್ರಿ ಹಿಡಿದು ಹಿಂದಕ್ಕೆ ಹೋದರೆ ಎಲ್ಲೋ ಒಂದು ಕಡೆ ಅವನು ಸಿಗುತ್ತಾನೆ. ಒಳ್ಳೆಯ ನಾಯಿಯೇ ಇರಬಹುದು. ಆದರೆ ಯಾವ ನಾಯಿಯ ಒಳಗೂ ಒಂದೆರಡು ಕೆಟ್ಟ ಜೀನ್ ಅಡಗಿ ಕೂತಿರುತ್ತದೆ. ನೂರಾರು ಮರಿಗಳಿಗೆ ಅಪ್ಪನಾದವನು ಅದನ್ನೂ ಹಂಚಿಯೇ ಹೋಗುತ್ತಾನೆ. ಮೊಮ್ಮಕ್ಕಳು ಒಬ್ಬರಿಗೊಬ್ಬರು ಜೋಡಿಯಾದಾಗ ಅದು ಎದ್ದು ಬರುತ್ತದೆ. ಅಷ್ಟು ಹೊತ್ತಿಗೆ ಅಜ್ಜ ಸತ್ತು, ಹೆಸರು ಮಾತ್ರ ಕೆಂಪಗೆ ಉಳಿದಿರುತ್ತದೆ. ಒಂದು ಗಂಡುನಾಯಿಯ ಮರಿಗಳು, ಐದು ವರ್ಷದಲ್ಲಿ ಆ ತಳಿಯಲ್ಲಿ ನೋಂದಣಿಯಾದ ಮರಿಗಳ ಶೇಕಡಾ 5ಕ್ಕಿಂತ ಹೆಚ್ಚಾಗಬಾರದು ಎಂದು ಕೆನೆಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಸಲಹೆ ಕೊಟ್ಟಿದೆ. ಸಲಹೆ ಕಾಗದದಲ್ಲಿದೆ, ಸರಿ. ಲೆಕ್ಕ ಇಡುತ್ತಿರುವವರು ಯಾರು?

ಈಗ ನೀವು ಹೇಳುವುದು ಗೊತ್ತು. ‘ಕಾಲ ಬದಲಾಗಿದೆ ಮೇಡಂ, ಈಗ ಎಲ್ಲರೂ ಹೆಲ್ತ್ ಟೆಸ್ಟ್ ಮಾಡಿಸ್ತಾರೆ.’ ಮಾಡಿಸುತ್ತಾರೆ, ಒಪ್ಪಿದೆ. ನನ್ನ ಅಸಲು ತಕರಾರು ಶುರುವಾಗುವುದೇ ಇಲ್ಲಿಂದ.

ಸೊಂಟದ ಕೀಲಿನ ಎಕ್ಸ್‌ರೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಇದಕ್ಕೆಂದೇ 1966ರಲ್ಲಿ ಒಎಫ್‌ಎ ಎಂಬ ಸಂಸ್ಥೆ ಹುಟ್ಟಿತು. ನಾಯಿಗೆ 24 ತಿಂಗಳು ತುಂಬಿದ ಮೇಲೆ ತೆಗೆದ ಎಕ್ಸ್‌ರೇಗೆ ಮಾತ್ರ ಅವರು ಕೊನೆಯ ಗ್ರೇಡ್ ಕೊಡುತ್ತಾರೆ. ಒಳ್ಳೆಯ ವ್ಯವಸ್ಥೆ. ಆದರೆ ಚೆನ್ನಾಗಿರುವ ಫಲಿತಾಂಶ ತಾನಾಗಿ ಎಲ್ಲರಿಗೂ ಕಾಣುತ್ತದೆ. ಕೆಟ್ಟ ಫಲಿತಾಂಶ ಮಾಲೀಕರು ಒಪ್ಪಿದರೆ ಮಾತ್ರ ಹೊರಗೆ ಬರುತ್ತದೆ. ಅದಕ್ಕೂ ಮೊದಲೇ, ಎಕ್ಸ್‌ರೇ ಪ್ಲೇಟ್ ನೋಡಿದ ವೆಟ್ ‘ಇದು ಪಾಸಾಗಲ್ಲ’ ಎಂದರೆ ಎಷ್ಟೋ ಜನ ಕಳಿಸುವುದೇ ಇಲ್ಲ. ಫೇಲಾದವರು ತಮ್ಮ ಅಂಕಪಟ್ಟಿ ಮನೆಯಲ್ಲೇ ಇಟ್ಟುಕೊಳ್ಳಬಹುದು ಎಂಬ ನಿಯಮವಿರುವ ಶಾಲೆಯ ರಿಸಲ್ಟ್ ಹೇಗಿರುತ್ತದೆ? ಹೊರಗೆ ಥಳಕು, ಒಳಗೆ ಹುಳುಕು.

ಕರಿಯನ ಅಪ್ಪ-ಅಮ್ಮ ಇಬ್ಬರ ಕೀಲುಗಳೂ ಚೆನ್ನಾಗಿದ್ದವು, ಸರ್ಟಿಫಿಕೇಟ್ ಇತ್ತು. ಅದು ಸುಳ್ಳಲ್ಲ. ಕೀಲಿನ ತೊಂದರೆ ಒಂದೇ ಜೀನ್‌ನ ಆಟವಲ್ಲ. ಹಲವು ಜೀನ್‌ಗಳು ಸೇರಿ, ತೂಕ, ಬೆಳವಣಿಗೆ ಎಲ್ಲವೂ ಸೇರಿ ಆಗುವಂಥದ್ದು. ಹಾಗಾಗಿ ಚೆನ್ನಾಗಿರುವ ಅಪ್ಪ-ಅಮ್ಮನಿಗೂ ಕೆಟ್ಟ ಕೀಲಿನ ಮರಿ ಹುಟ್ಟುತ್ತದೆ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ನಿಜ. ಇಂಥ ಕಡೆ ಅಪ್ಪನ ಸರ್ಟಿಫಿಕೇಟಿಗಿಂತ ಅವನ ಅಣ್ಣ-ತಮ್ಮಂದಿರು, ಚಿಕ್ಕಪ್ಪಂದಿರು, ಹಿಂದಿನ ಸೂಲಿನ ಮರಿಗಳು ಜಾಸ್ತಿ ಹೇಳುತ್ತಾರೆ.

ಇದು ಬರೀ ವಾದವಲ್ಲ, ಮಾಡಿ ತೋರಿಸಿದವರಿದ್ದಾರೆ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳನ್ನು ಬೆಳೆಸುವ ‘ದಿ ಸೀಯಿಂಗ್ ಐ’ ಎಂಬ ಸಂಸ್ಥೆ ಅಮೆರಿಕದಲ್ಲಿದೆ, 1929ರಲ್ಲಿ ಶುರುವಾದದ್ದು. ಅವರು ಮರಿಗಳು ಕುಂಟಲಿ, ಬಿಡಲಿ, ಎಲ್ಲವಕ್ಕೂ ಎಕ್ಸ್‌ರೇ ತೆಗೆದರು. ಪ್ರತಿ ನಾಯಿಯನ್ನೂ ಅದರ ಇಡೀ ಬಳಗದ ಫಲಿತಾಂಶ ಸೇರಿಸಿ ಅಳೆದರು. 1997ರಲ್ಲಿ ಪ್ರಕಟವಾದ ಅವರ ಲೆಕ್ಕ ನೋಡಿ. ಐದು ತಲೆಮಾರು ಕೂಡ ತುಂಬುವ ಮೊದಲೇ ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ತೊಂದರೆ ಶೇಕಡಾ 55ರಿಂದ 24ಕ್ಕೆ ಇಳಿದಿತ್ತು. ಲ್ಯಾಬ್ರಡಾರ್‌ಗಳಲ್ಲಿ 30ರಿಂದ 10ಕ್ಕೆ. ಅವರ ಹತ್ತಿರ ಮಂತ್ರವೇನೂ ಇರಲಿಲ್ಲ. ಕೆಟ್ಟ ಪ್ಲೇಟ್‌ಗಳನ್ನೂ ಎಣಿಸಿದರು, ಅಷ್ಟೇ. ಅವರಿಗೆ ಮರಿ ಮಾರುವ ಚಿಂತೆ ಇರಲಿಲ್ಲ ಎಂಬುದೂ ಒಂದು ಕಾರಣ ಅನ್ನಿ.

ತಡವಾಗಿ ಬರುವ ರೋಗಗಳದ್ದು ಇನ್ನೊಂದು ಗೋಳು. ಡೊಬರ್‌ಮನ್‌ಗಳಲ್ಲಿ ಹೃದಯದ ಸ್ನಾಯು ಸೋಲುವ ರೋಗವಿದೆ. ಯುರೋಪಿನ ಡೊಬರ್‌ಮನ್‌ಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟಾರೆ ಶೇಕಡಾ 58ರಷ್ಟು ನಾಯಿಗಳಿಗೆ ಅದು ಬರುತ್ತದೆಂದು ಕಂಡುಬಂತು. ಹೆಚ್ಚಾಗಿ ನಡುವಯಸ್ಸು ದಾಟಿದ ಮೇಲೆ ಬರುವ ಕಾಯಿಲೆ ಇದು. ಎರಡನೇ ವಯಸ್ಸಿಗೆ ಚಾಂಪಿಯನ್ ಆದ ನಾಯಿ ಆರನೇ ವಯಸ್ಸಿಗೆ ಓಡುತ್ತಾ ಓಡುತ್ತಾ ಬಿದ್ದು ಸತ್ತರೆ, ಪೆಡಿಗ್ರಿಯಲ್ಲಿ ಉಳಿಯುವುದು ಯಾವುದು? ಎರಡನೇ ವಯಸ್ಸಿನದ್ದು ಮಾತ್ರ. ಹುಟ್ಟಿದ ದಿನ ಬರೆಯುತ್ತೀರಿ, ಗೆದ್ದ ದಿನ ಬರೆಯುತ್ತೀರಿ. ಸತ್ತ ದಿನವನ್ನು ಯಾಕೆ ಬರೆಯುವುದಿಲ್ಲ?

ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಸಾಕುವವರಲ್ಲಿ ಕೆಲವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಆ ತಳಿಗೆ ಹೃದಯದ ಕವಾಟದ ತೊಂದರೆ ಬೆನ್ನುಬಿದ್ದಿದೆ. ನಾಯಿಗೆ ಎರಡೂವರೆ ವರ್ಷವಾಗಿ ಹೃದಯ ಸರಿಯಿರಬೇಕು, ಅದರ ಅಪ್ಪ-ಅಮ್ಮಂದಿರ ಹೃದಯ ಐದು ವರ್ಷಕ್ಕೂ ಸರಿಯಿದ್ದಿರಬೇಕು, ಆಮೇಲಷ್ಟೇ ಮೇಟಿಂಗ್. ಕಾಯಬೇಕು. ಕಾಯುವವರು ಯಾರು ಎಂದು ಕೇಳಿದರೆ, ಒಳ್ಳೆಯ ಬ್ರೀಡರ್ ಯಾರು ಎಂಬುದಕ್ಕೂ ಸ್ವಲ್ಪ ಉತ್ತರ ಸಿಗುತ್ತದೆ.

ಶುದ್ಧ ರಕ್ತದ ಮಾತೂ ಬರಲಿ, ಯಾಕೆಂದರೆ ಹೆಸರಿನ ಜಂಬ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಡಾಲ್ಮೇಷಿಯನ್ ಕಥೆಗಿಂತ ಬೇರೆ ಬೇಡ. ಶುದ್ಧ ಡಾಲ್ಮೇಷಿಯನ್‌ಗಳೆಲ್ಲಕ್ಕೂ ಮೂತ್ರದಲ್ಲಿ ಯೂರಿಕ್ ಆಸಿಡ್ ಜಾಸ್ತಿ. ಕೆಲವು ನಾಯಿಗಳಲ್ಲಿ ಅದು ಹರಳುಗಟ್ಟಿ ಕಲ್ಲಾಗುತ್ತದೆ, ಆಗ ಗಂಡುನಾಯಿಗಳಿಗೆ ಮೂತ್ರವೇ ಕಟ್ಟಿಬಿಡಬಹುದು. ತಳಿಯ ಒಳಗೆ ಸರಿಯಾದ ಜೀನ್ ಉಳಿದೇ ಇರಲಿಲ್ಲ. 1973ರಲ್ಲಿ ರಾಬರ್ಟ್ ಶೈಬಲ್ ಎಂಬ ತಳಿವಿಜ್ಞಾನಿ ಒಂದು ಡಾಲ್ಮೇಷಿಯನ್‌ಗೆ ಒಂದೇ ಒಂದು ಸಲ ಪಾಯಿಂಟರ್ ನಾಯಿಯನ್ನು ಕೂಡಿಸಿದರು. ಆಮೇಲೆ ಪ್ರತಿ ತಲೆಮಾರಿಗೂ ಡಾಲ್ಮೇಷಿಯನ್‌ಗೇ ವಾಪಸ್. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಮೈಮೇಲೆ ಅದೇ ಚುಕ್ಕೆ, ಅದೇ ನಿಲುವು, ಒಳಗೆ ಮಾತ್ರ ಸರಿಯಾದ ಜೀನ್. 1981ರಲ್ಲಿ ಅಮೆರಿಕನ್ ಕೆನೆಲ್ ಕ್ಲಬ್ ಇಂಥ ಎರಡು ನಾಯಿಗಳನ್ನು ನೋಂದಾಯಿಸಿತು. ತಳಿ ಸಂಘದ ಸದಸ್ಯರು ಗಲಾಟೆ ಎಬ್ಬಿಸಿದರು, ನೋಂದಣಿ ನಿಂತಿತು. ಮತ್ತೆ ಬಾಗಿಲು ತೆರೆದದ್ದು 2011ರಲ್ಲಿ. ಮೂವತ್ತು ವರ್ಷ! ಪರಿಹಾರ ಕೈಯಲ್ಲಿತ್ತು. ಪೆಡಿಗ್ರಿಯಲ್ಲಿ ಎಲ್ಲೋ ಹಿಂದೆ ಒಂದು ಪಾಯಿಂಟರ್ ಇದೆ ಎಂಬ ಒಂದೇ ಕಾರಣಕ್ಕೆ ಅದು ಹೊರಗೆ ನಿಂತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇಲ್ಲಿ ಮುದ್ದಾಗಿದ್ದದ್ದು ನಾಯಿ ಕೂಡ ಅಲ್ಲ, ಕಾಗದ.

ಬ್ರೀಡರ್‌ಗಳ ಪರವಾಗಿಯೂ ಒಂದಿಷ್ಟು ಹೇಳಬೇಕು. ಇಲ್ಲದಿದ್ದರೆ ಈ ಪತ್ರವೂ ಇನ್ನೊಂದು ಬೈಗುಳವಾಗುತ್ತದೆ.

ಮರಿ ತಂದ ನಾವೇನು ಸಾಚಾಗಳಾ? ‘ಆ ಲೈನ್ ಸರಿಯಿಲ್ಲ’ ಎಂದು ಊರೆಲ್ಲ ಹೇಳುತ್ತಾ ತಿರುಗುವ ಎಷ್ಟೋ ಜನರ ನಾಯಿ ಡ್ರಮ್ಮಿನ ಹಾಗಿರುತ್ತದೆ. ನಾಯಿ ತಿನಿಸು ಮಾಡುವ ಪ್ಯೂರಿನಾ ಕಂಪನಿ 48 ಲ್ಯಾಬ್ರಡಾರ್‌ಗಳನ್ನು ಒಡಹುಟ್ಟಿದ ಜೋಡಿಗಳಾಗಿ ಮಾಡಿ ಜೀವನಪೂರ್ತಿ ಸಾಕಿ ನೋಡಿತ್ತು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇಕಡಾ 25ರಷ್ಟು ಕಡಿಮೆ ತಿನಿಸು. 2002ರಲ್ಲಿ ಬಂದ ಫಲಿತಾಂಶದಲ್ಲಿ ಕಡಿಮೆ ತಿಂದ ನಾಯಿಗಳು ಸುಮಾರು 1.8 ವರ್ಷ ಹೆಚ್ಚು ಬದುಕಿದ್ದವು, ಕೀಲುನೋವೂ ಅವಕ್ಕೆ ತಡವಾಗಿ ಬಂದಿತ್ತು. ಅದೇ ಅಪ್ಪ, ಅದೇ ಅಮ್ಮ, ಅದೇ ಸೂಲು! ಹಾಗಾಗಿ ಲೈನ್ ಮೇಲೆ ಕಲ್ಲು ಹಾಕುವ ಮೊದಲು ತಟ್ಟೆ ನೋಡಿಕೊಳ್ಳಬೇಕು. ನನ್ನ ಬ್ರೀಡರ್ ಕೇಳಿದ ಪ್ರಶ್ನೆಗಳು ತಪ್ಪಲ್ಲ. ಉಳಿದ ಮೂರು ಫೋನ್ ಕರೆಗಳನ್ನು ಮುಚ್ಚಿಟ್ಟದ್ದು ತಪ್ಪು.

ಇನ್ನೊಂದು, ಒಂದು ಕೆಟ್ಟ ಮರಿಯಿಂದ ಲೈನ್ ಕೆಟ್ಟಿತು ಎನ್ನಲಾಗದು. ಹತ್ತು ವರ್ಷದಲ್ಲಿ 80 ಮರಿ ಕೊಟ್ಟವರ ಹತ್ತಿರ ಎರಡು ಕುಂಟುವ ನಾಯಿ ಇದ್ದೇ ಇರುತ್ತವೆ. ನಾಲ್ಕೇ ಮರಿ ಕೊಟ್ಟವರು ‘ನಮ್ಮಲ್ಲಿ ಒಂದೂ ಇಲ್ಲ’ ಎಂದರೆ ಅದಕ್ಕೆ ಅಷ್ಟೇನೂ ಅರ್ಥವಿಲ್ಲ. ಡಿಎನ್‌ಎ ಪರೀಕ್ಷೆಯಲ್ಲಿ ‘ಕ್ಯಾರಿಯರ್’ ಎಂದು, ಅಂದರೆ ಕೆಟ್ಟ ಜೀನ್‌ನ ಒಂದೇ ಪ್ರತಿ ಇದ್ದು ತನಗೆ ರೋಗವಿಲ್ಲ ಎಂದು, ಬಂದ ನಾಯಿಯನ್ನು ಅಸ್ಪೃಶ್ಯರ ಹಾಗೆ ದೂರ ಇಡುವುದೂ ದಡ್ಡತನ. ಎರಡು ಕ್ಯಾರಿಯರ್ ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ ರೋಗ ಬರುವ ಸಂಭವ. ಕ್ಯಾರಿಯರ್ ಮತ್ತು ಕ್ಲಿಯರ್ (ಆ ಕೆಟ್ಟ ಜೀನ್ ಇಲ್ಲದ ನಾಯಿ) ಕೂಡಿದರೆ ಒಂದಕ್ಕೂ ಆ ರೋಗ ಬರುವುದಿಲ್ಲ. ಮೊದಲೇ 70 ನಾಯಿಯಷ್ಟಕ್ಕೆ ಕುಗ್ಗಿದ ತಳಿಯಲ್ಲಿ ಒಳ್ಳೆಯ ಕ್ಯಾರಿಯರ್‌ಗಳನ್ನೆಲ್ಲ ಎತ್ತಿ ಎಸೆದರೆ ಉಳಿಯುವುದೇನು?

ಹಾಗಾದರೆ ಒಳ್ಳೆಯ ಬ್ರೀಡರ್ ಸಿಕ್ಕರೆ ಗುರುತು ಹಿಡಿಯುವುದು ಹೇಗೆ? ನನಗೆ ಗೊತ್ತಾದದ್ದು ಎರಡನೇ ಸಲ. ಕರಿಯ ಹೋದ ಮೇಲೆ ಒಬ್ಬ ಹೆಂಗಸಿನ ಮನೆಗೆ ಮರಿ ನೋಡಲು ಹೋಗಿದ್ದೆ. ಗೋಡೆ ಮೇಲೆ ಒಂದೂ ಟ್ರೋಫಿ ಇರಲಿಲ್ಲ. ಕೂತ ಕೂಡಲೇ ಒಂದು ಹಳೇ ಫೈಲ್ ತೆಗೆದು ಮುಂದಿಟ್ಟರು. ಪ್ರತಿ ಮರಿಗೆ ಒಂದು ಹಾಳೆ. “ಇವಳಿಗೆ ಚರ್ಮದ ಅಲರ್ಜಿ. ಇವನಿಗೆ ಸೊಂಟ ಸರಿಯಿಲ್ಲ, ಹಾಗಾಗಿ ಆ ಜೋಡಿಯನ್ನು ಮತ್ತೆ ಕೂಡಿಸಲಿಲ್ಲ. ಇವನು ಒಂಬತ್ತಕ್ಕೆ ಹೋದ, ಕ್ಯಾನ್ಸರ್.” ಕೊಟ್ಟ ಮನೆಯಿಂದ ವಾಪಸ್ ಬಂದ ಒಂದು ನಾಯಿ ಅವರ ಕಾಲ ಬಳಿಯೇ ಮಲಗಿತ್ತು. ಆಮೇಲೆ ಅವರು ನನ್ನನ್ನು ಒಂದು ಗಂಟೆ ಪ್ರಶ್ನೆ ಕೇಳಿದರು. ಅಲ್ಲಿಂದ ಬಂದವಳು ನಮ್ಮ ಹೊನ್ನಿ.

ಹೊನ್ನಿಯಿಂದ ನಾನೂ ಎರಡು ಸೂಲು ಮರಿ ಮಾಡಿಸಿದೆ. ಎಕ್ಸ್‌ರೇ, ಕಣ್ಣಿನ ಪರೀಕ್ಷೆ, ಡಿಎನ್‌ಎ ಎಲ್ಲ ಮುಗಿಸಿಯೇ. ಎರಡನೇ ಸೂಲಿನ ಒಂದು ಮರಿಗೆ ಎರಡೂವರೆ ವರ್ಷಕ್ಕೆ ಫಿಟ್ಸ್ ಶುರುವಾಯಿತು. ಬೇರೆ ಕಾರಣ ಕಾಣದ ಇಂಥ ಫಿಟ್ಸ್ ಸಾಮಾನ್ಯವಾಗಿ ಆರು ತಿಂಗಳಿಂದ ಆರು ವರ್ಷದೊಳಗೆ ಶುರುವಾಗುತ್ತದೆ, ಮನೆತನದಲ್ಲಿ ಹರಿಯುವುದೂ ಉಂಟು. ಮೊಣಕೈಗಾದರೆ ಎಕ್ಸ್‌ರೇ ಇದೆ. ಇದಕ್ಕೆ, ಲ್ಯಾಬ್ರಡಾರ್‌ಗಳಲ್ಲಿ, ಮೇಟಿಂಗ್‌ಗೆ ಮೊದಲು ಮಾಡಿಸಬಹುದಾದ ಪರೀಕ್ಷೆಯೇ ಇಲ್ಲ. ಯಾರಿಗೆ ಬಂತು ಎಂದು ಬಾಯಿಬಿಟ್ಟು ಹೇಳುವುದೊಂದೇ ದಾರಿ.

ಹೇಳಿದೆ. ಎಲ್ಲ ಮರಿಗಳ ಮನೆಯವರಿಗೂ ಹೇಳಿದೆ, ಗಂಡುನಾಯಿಯ ಮಾಲೀಕರಿಗೂ ಹೇಳಿದೆ. ಮನೆಯವರು ಥ್ಯಾಂಕ್ಸ್ ಹೇಳಿದರು. ಗಂಡುನಾಯಿಯವರು ‘ನಿಮ್ಮ ಹೆಣ್ಣಿನಿಂದಲೇ ಬಂದಿರಬೇಕು’ ಎಂದು ಫೋನ್ ಇಟ್ಟರು. ಹೊನ್ನಿಯ ಮಗಳಿಂದ ಮುಂದೆ ಮರಿಯಾದರೆ ಬೇಕು ಎಂದು ಹೇಳಿಟ್ಟಿದ್ದ ಮೂವರು ಹಿಂದೆ ಸರಿದರು. ಪಳಗಿದ ಬ್ರೀಡರ್ ಒಬ್ಬರು ನನ್ನ ಒಳ್ಳೆಯದಕ್ಕೇ ಹೇಳಿದರು: “ಸುಮ್ನೆ ಇದ್ದಿದ್ರೆ ಆಗ್ತಿತ್ತಲ್ಲಮ್ಮ. ಎಲ್ಲರ ಮನೇಲೂ ಇರೋದೇ.”

ಆ ದಿನ ನನಗೆ ಕರಿಯನ ಬ್ರೀಡರ್ ಅರ್ಥವಾದರು. ಕ್ಷಮಿಸಿದೆ ಅಂತಲ್ಲ, ಅರ್ಥವಾದರು. ನೀವು ಕಟ್ಟಿರುವ ಈ ಮನೆಯಲ್ಲಿ ಬಾಯಿಬಿಟ್ಟವರ ಹೆಸರು ಕೆಡುತ್ತದೆ, ಬಾಯಿ ಮುಚ್ಚಿದವರದ್ದು ಉಳಿಯುತ್ತದೆ. ಇಂಥ ಕಡೆ ‘ಈ ಲೈನ್‌ನಲ್ಲಿ ಏನೂ ತೊಂದರೆಯಿಲ್ಲ’ ಎಂದು ಯಾರಾದರೂ ಹೇಳಿದರೆ ಎರಡೇ ಅರ್ಥ. ಅವರು ಹುಡುಕಿ ನೋಡಿಲ್ಲ, ಇಲ್ಲವೇ ಹೇಳುತ್ತಿಲ್ಲ.

ಬದಲಾಯಿಸುವುದು ನಿಮ್ಮ ಕೈಯಲ್ಲಿದೆ. ಬ್ರೀಡರ್ ಒಬ್ಬರೇ ಪ್ರಾಮಾಣಿಕರಾದರೆ ಅವರೊಬ್ಬರೇ ಮುಳುಗುತ್ತಾರೆ. ಎಲ್ಲರ ಲೆಕ್ಕವೂ ಒಟ್ಟಿಗೆ ಹೊರಗೆ ಬಂದರೆ ಯಾರೂ ಮುಳುಗುವುದಿಲ್ಲ, ಯಾಕೆಂದರೆ ಆಗ ಎಲ್ಲರ ಮನೆಯ ದೋಸೆಯೂ ತೂತು ಎಂದು ಎಲ್ಲರಿಗೂ ಕಾಣುತ್ತದೆ. ಫಿನ್ಲೆಂಡಿನ ಕೆನೆಲ್ ಕ್ಲಬ್‌ನ ದಾಖಲೆ ಯಾರು ಬೇಕಾದರೂ ತೆರೆದು ನೋಡುವಂತಿದೆ. ಒಂದು ನಾಯಿಯ ಒಡಹುಟ್ಟಿದವರು, ಮರಿಗಳು, ಅವುಗಳ ಕೀಲಿನ ಗ್ರೇಡ್, ಒಳ್ಳೆಯದೋ ಕೆಟ್ಟದ್ದೋ, ಅಲ್ಲಿ ಸಿಗುತ್ತದೆ. ಮಾಲೀಕರು ತಿಳಿಸಿದರೆ ಸತ್ತ ವಯಸ್ಸು, ಕಾರಣವೂ ಇರುತ್ತದೆ. ಸ್ವೀಡನ್ನಿನಲ್ಲೂ ಹೀಗೇ ತೆರೆದ ದಾಖಲೆ ಇದೆ. ಅಲ್ಲಿ ಆಕಾಶವೇನೂ ಕಳಚಿ ಬಿದ್ದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಎಕ್ಸ್‌ರೇ ತೆಗೆದ ದಿನವೇ ವೆಟ್ ಅದನ್ನು ನಿಮಗೆ ಕಳಿಸಲಿ, ಪಾಸೋ ಫೇಲೋ ಎಂದು ನೋಡಿ ಕಳಿಸುವ ಹಕ್ಕು ಮಾಲೀಕರಿಗೆ ಬೇಡ. ಪೆಡಿಗ್ರಿ ಕಾಗದದಲ್ಲಿ ಚಾಂಪಿಯನ್ ಎಂದು ಬರೆಯುವ ಜಾಗದ ಪಕ್ಕದಲ್ಲೇ ಬದುಕಿದ ವರ್ಷ ಬರೆಯಿರಿ, ಒಡಹುಟ್ಟಿದವರಲ್ಲಿ ಎಷ್ಟಕ್ಕೆ ಪರೀಕ್ಷೆಯಾಗಿದೆ ಎಂದು ಬರೆಯಿರಿ. ಒಂದು ಗಂಡುನಾಯಿಗೆ ಇಷ್ಟೇ ಮರಿ ಎಂಬ ಗೆರೆ ಎಳೆಯಿರಿ, ಆ ಗೆರೆಯನ್ನು ಕಾಯಿರಿ. ಅಪ್ಪ ಯಾರೆಂದು ಡಿಎನ್‌ಎ ಹೇಳಲಿ. ತಾವಾಗಿ ತೊಂದರೆ ತಿಳಿಸಿದ ಬ್ರೀಡರ್‌ಗೆ ಅದಕ್ಕಾಗಿ ಯಾವ ದಂಡವೂ, ಬಹಿಷ್ಕಾರವೂ ಇರಬಾರದು. ‘ಇಷ್ಟು ಮರಿಗಳ ಪೂರ್ತಿ ಲೆಕ್ಕ ಕೊಟ್ಟವರು’ ಎಂದು ಅವರ ಹೆಸರಿನ ಮುಂದೆ ಒಂದು ಗುರುತು ಹಾಕಿ. ಕೆಂಪಕ್ಷರ ನಿಮ್ಮ ಹತ್ತಿರ ಇನ್ನೂ ಮಿಕ್ಕಿದ್ದರೆ ಅದನ್ನು ಇದಕ್ಕೆ ಬಳಸಿ.

ಮರಿ ತರಲು ಹೊರಟವರಿಗೆ ಒಂದೇ ಮಾತು. ಟ್ರೋಫಿ ಎಷ್ಟು ಎಂದು ಕೇಳಬೇಡಿ. ‘ನೀವು ಕೊಟ್ಟ ಮರಿಗಳಲ್ಲಿ ಏನೇನು ತೊಂದರೆ ಬಂದಿದೆ?’ ಎಂದು ಕೇಳಿ ಸುಮ್ಮನೆ ಕೂರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರು, ಎದ್ದು ಹೋಗಿ ಫೈಲ್ ತರುವವರು ಯಾರು ಎಂದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ತಾಯಿನಾಯಿಯನ್ನು ತೋರಿಸಿ ಎನ್ನಿ. ಎರಡು ವರ್ಷದ ಹಿಂದೆ ಮರಿ ತೆಗೆದುಕೊಂಡವರ ಜೊತೆ ಮಾತಾಡಬಹುದಾ ಎಂದೂ ಕೇಳಿ. ಮೊನ್ನೆ ಮೊನ್ನೆ ತೆಗೆದುಕೊಂಡವರು ಎಲ್ಲರೂ ಖುಷಿಯಾಗೇ ಇರುತ್ತಾರೆ.

ಬೇರೆಯವರ ಲೆಕ್ಕ ಕೇಳುವ ಮೊದಲು ನನ್ನದನ್ನು ಕೊಡುತ್ತೇನೆ. ಹೊನ್ನಿ, ಹಳದಿ ಲ್ಯಾಬ್ರಡಾರ್, ಎರಡು ಸೂಲು, 13 ಮರಿ.

ಮೊದಲ ಸೂಲಿನಲ್ಲಿ ಏಳು. ಐದಕ್ಕೆ ಎರಡು ವರ್ಷ ತುಂಬಿದ ಮೇಲೆ ಸೊಂಟ, ಮೊಣಕೈ ಎರಡಕ್ಕೂ ಎಕ್ಸ್‌ರೇ ಆಗಿದೆ. ನಾಲ್ಕು ಸರಿಯಿವೆ, ಒಂದಕ್ಕೆ ಸೊಂಟದಲ್ಲಿ ಸ್ವಲ್ಪ ತೊಂದರೆ. ಎಕ್ಸ್‌ರೇ ಆಗದ ಎರಡರಲ್ಲಿ ಒಂದು ನಾಲ್ಕನೇ ವಯಸ್ಸಿಗೆ ಗಾಡಿಗೆ ಸಿಕ್ಕಿ ಸತ್ತಿತು. ಉಳಿದ ಆರೂ ಬದುಕಿವೆ, ಈಗ ಎಂಟು ವರ್ಷ.

ಎರಡನೆಯದರಲ್ಲಿ ಆರು. ಒಂದು ಮೂರನೇ ದಿನಕ್ಕೇ ಹೋಯಿತು. ಕಾರಣ ಹುಡುಕಿಸಲಿಲ್ಲ, ಹುಡುಕಿಸಬೇಕಿತ್ತು. ಮೂರಕ್ಕೆ ಎಕ್ಸ್‌ರೇ ಆಗಿದೆ, ಮೂರೂ ಸರಿಯಿವೆ. ಆ ಮೂರರಲ್ಲಿ ಒಂದಕ್ಕೆ ಫಿಟ್ಸ್, ದಿನಾ ಮಾತ್ರೆ, ಕಳೆದ ಏಳು ತಿಂಗಳಿಂದ ಬಂದಿಲ್ಲ. ಒಂದು ನಾಯಿಯ ಮನೆಯವರು ಎಕ್ಸ್‌ರೇ ಬೇಡ ಎಂದರು. ಇನ್ನೊಂದರ ಮನೆಯವರು ನಂಬರ್ ಬದಲಾಯಿಸಿದ್ದಾರೆ, ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ಅವರು ಇದನ್ನು ಓದುತ್ತಿದ್ದರೆ, ಎಡಗಿವಿಯ ತುದಿಯಲ್ಲಿ ಸಣ್ಣ ಕಚ್ಚು ಇರುವ ಹೆಣ್ಣುನಾಯಿ ಅದು, ದಯವಿಟ್ಟು ಒಂದು ಫೋನ್ ಮಾಡಿ.

ಹೊನ್ನಿ ಹನ್ನೊಂದನೇ ವಯಸ್ಸಿಗೆ ಗುಲ್ಮದ ಗೆಡ್ಡೆಯಿಂದ ಸತ್ತಳು. ಇದನ್ನೂ ಅವಳ ಹೆಸರಿನ ಪಕ್ಕ ಬರೆದುಕೊಳ್ಳಿ.

ಇಂತಿ,
ಕರಿಯ, ಹೊನ್ನಿಯರ ಮನೆಯವಳು